ಬೆಂದ ಬೆರಳಿಗೆ ಹಾಸ್ಟೆಲ್

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ಹೇಳಿದವನ ನಾಲಿಗೆಗೆ ಸಾಯುವತನಕ ಅವರೆಕಾಯಿ ಸಾರಿನ ರುಚಿ ಹತ್ತದಿರಲಿ. ಶಿಡ್ಲಘಟ್ಟದ ಕಡೆಯವರು ಇದಕ್ಕಿಂತ ದೊಡ್ಡ ಆಣೆ ಇಡುವುದಿಲ್ಲ. ದೇವರ ಮೇಲೆ ಇಟ್ಟು ತಪ್ಪಿದವರುಂಟು, ಅವರೆಕಾಯಿ ಮೇಲೆ ಇಟ್ಟು ತಪ್ಪಿದವರಿಲ್ಲ.

ತೊಂಬತ್ತೊಂದನೇ ಇಸವಿ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಫೀಜಾ ಅನ್ನುವವಳಿದ್ದಳು. ಗಂಡ ಖಾಜಾ ಪೀರ್ ಮಾರುಕಟ್ಟೆಯಲ್ಲಿ ಗೂಡಿನ ಮೂಟೆ ಹೊರುತ್ತಿದ್ದ. ದಿನವೆಲ್ಲ ಹರಾಜಿನ ಕೂಗು ಕೇಳಿ ಕೇಳಿ ಮನೆಗೆ ಬಂದ ಮೇಲೆ ಮಾತನ್ನೇ ಬಿಟ್ಟಿದ್ದ. ಹಬ್ಬಕ್ಕೊಂದು ಮಾತಾಡುತ್ತಿದ್ದ, ಅದೂ ದೊಡ್ಡ ಹಬ್ಬವಾದರೆ. ಒಬ್ಬಳೇ ಮಗಳು ಷಮೀಮ್, ಹೆಣ್ಣುಮಕ್ಕಳ ಉರ್ದು ಶಾಲೆಯಲ್ಲಿ ಏಳನೇ ಕ್ಲಾಸು. ಆ ಹುಡುಗಿಗೆ ಓದಿನ ಹುಚ್ಚು ಎಷ್ಟಿತ್ತೆಂದರೆ, ಒಮ್ಮೆ ಕಡ್ಲೇಕಾಯಿ ಕಟ್ಟಿಕೊಟ್ಟ ಪೇಪರಿನಲ್ಲಿ ಒಂದು ಕಳ್ಳತನದ ಸುದ್ದಿ ಅರ್ಧಕ್ಕೆ ಹರಿದಿತ್ತು. ಉಳಿದರ್ಧಕ್ಕಾಗಿ ಕಡ್ಲೇಕಾಯಿಯವನ ಹಿಂದೆ ಮೇಲೂರಿನತನಕ ನಡೆದು ಹೋದಳು. ಅಷ್ಟರಲ್ಲಿ ಅಲ್ಲಿ ಯಾರೋ ಅದರಲ್ಲಿ ಬೋಂಡಾ ಹಿಂಡಿ ಎಸೆದಿದ್ದರು. ಎಣ್ಣೆ ಪೇಪರನ್ನು ಬಿಸಿಲಿಗೆ ಹಿಡಿದು, ಕಳ್ಳ ಸಿಕ್ಕಿದ ಅಂತ ಓದಿಕೊಂಡೇ ವಾಪಸು ಬಂದಳು.

ಉರ್ದು ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದಿನ ಹೈಸ್ಕೂಲು ಬಸ್ ಸ್ಟ್ಯಾಂಡಿನ ಆಚೆ, ಗಂಡುಹುಡುಗರ ಜೊತೆ. ಬಕ್ರೀದಿಗೆ ಖಾಜಾ ಪೀರ್ ಆಡಿದ ಮಾತು ಒಂದೇ: "ಏಳು ಸಾಕು."

ಹಫೀಜಾಗೆ ಸಾಕಾಗಿರಲಿಲ್ಲ. ಅವಳು ಚಿಕ್ಕವಳಿದ್ದಾಗಲೇ ಫಿಲೇಚರಿಗೆ, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡಿಗೆ ಹೋದವಳು. ಕುದಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಸತ್ತೇಹೋಗಿದ್ದವು. ಒಲೆಯ ಮೇಲಿನ ಹಂಚನ್ನು ಬರಿಗೈಲಿ ಇಳಿಸುತ್ತಿದ್ದಳು. ಮಗಳು ಟೀಚರಾಗಬೇಕು, ಮಗಳ ಕೈ ಆ ನೀರಿಗೆ ತಾಗಬಾರದು. ಅವಳಿಗಿದ್ದ ಆಸೆ ಅದೊಂದೇ.

ಆಗ ಗಲ್ಲಿಗೆ ವೆಂಕಟರತ್ನಮ್ಮ ಬಂದರು. ಅಂಬಾಜಿದುರ್ಗದ ಕೆಳಗಿನ ಹಳ್ಳಿಯ ಜಮೀನುದಾರರ ಮನೆಯವರು, ಚಿಕ್ಕಬಳ್ಳಾಪುರದ ಒಂದು ಸಂಸ್ಥೆಯಲ್ಲಿ ಕೆಲಸ. ಒಳ್ಳೆಯ ಹೆಂಗಸು, ಇರುವೆ ಸಾಲು ಕಂಡರೆ ಸುತ್ತಿ ಹೋಗುವವರು. ಹೊರದೇಶದವರು ಹೆಣ್ಣುಮಕ್ಕಳಿಗೆಂದು ಅನುದಾನ ಕೊಡುತ್ತಾರಂತೆ. ಹುಡುಗಿಯರಿಗೇ ಒಂದು ಹಾಸ್ಟೆಲ್, ಊಟ, ಬಟ್ಟೆ, ಹತ್ತನೇ ಕ್ಲಾಸಿನತನಕ ಓದು. ಗೇಟಿನೊಳಗೆ ಗಂಡು ಸೊಳ್ಳೆಯನ್ನೂ ಬಿಡುವುದಿಲ್ಲವಂತೆ.

"ನಮ್ ಷಮೀಮ್‌ನ ಸೇರಿಸ್ಕೊಳಿ ಮೇಡಂ," ಎಂದಳು ಹಫೀಜಾ.

"ಯಾವ ಫಿಲೇಚರ್‌ಗೆ ಹೋಗ್ತಾಳಮ್ಮ?"

"ತೋಬಾ! ಸ್ಕೂಲಿಗೆ ಹೋಗ್ತಾಳೆ. ಕ್ಲಾಸಿಗೇ ಫಸ್ಟು."

"ಅಯ್ಯೋ, ಹಂಗಾದ್ರೆ ಆಗಲ್ಲಮ್ಮ. ಫಿಲೇಚರ್‌ನಲ್ಲಿ ದುಡಿಯೋ ಹುಡುಗೀರ್ನ ಬಿಡಿಸೋಕೆ ಅಂತ ಕೊಡೋ ದುಡ್ಡು ಅದು. ಹೋಗದೇ ಇರೋಳ್ನ ನಾನು ಎಲ್ಲಿಂದ ಬಿಡಿಸ್ಲಿ?"

"ಓದೋಳ್ಗೆ ಹಾಸ್ಟೆಲ್ ಇಲ್ಲ, ಓದದೇ ಇರೋಳ್ಗೆ ಹಾಸ್ಟೆಲ್ಲಾ?"

"ನಾನೇನ್ ಮಾಡ್ಲಿ ಹಫೀಜಮ್ಮ. ಕೊಡೋರು ಹಂಗೆ ಹೇಳ್ತಾರೆ."

ಹುಡುಗಿಯರನ್ನು ದುಡಿಸುತ್ತೇನೆ ಅಂತ ಯಾವ ಫಿಲೇಚರ್ ಮಾಲೀಕನೂ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ವೆಂಕಟರತ್ನಮ್ಮ ಕೈ ನೋಡಿ ಆರಿಸುತ್ತಿದ್ದರು. ಬೆರಳು ಬಿಳಿಚಿ, ಚರ್ಮ ಸುಲಿದು, ಉಗುರಿನ ಬುಡ ಕೆಂಪಾಗಿದ್ದರೆ ಆ ಹುಡುಗಿಗೆ ಹಾಸ್ಟೆಲ್.

ಹಫೀಜಾ ಮನೆಗೆ ಬಂದು ನೀರು ಕಾಯಿಸಿದಳು. ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಕೈ ತನ್ನ ಕೈಯೊಳಗಿಟ್ಟು, ಎರಡನ್ನೂ ಒಟ್ಟಿಗೆ ಪಾತ್ರೆಗೆ ಇಳಿಸಿದಳು. ತನಗೆ ಬಿಸಿ ತಿಳಿಯುವುದಿಲ್ಲ, ಮಗಳಿಗೆ ತಿಳಿಯುತ್ತದೆ. ಷಮೀಮ್ ಅಳಲಿಲ್ಲ, ಮೊಣಕಾಲ ಮೇಲೆ ಪಾಠದ ಪುಸ್ತಕ ಇಟ್ಟುಕೊಂಡು ಓದಿದಳು. ಪುಟ ತಿರುವಬೇಕಾದವಳು ಹಫೀಜಾ. ಅಕ್ಷರ ಬಾರದ ಅವಳಿಗೆ ಪುಟ ಯಾವಾಗ ಮುಗಿಯಿತೆಂದು ಗೊತ್ತಾಗುತ್ತಿರಲಿಲ್ಲ. ಮಗಳ ಕಣ್ಣು ಕೆಳಗಿನ ಸಾಲಿಗೆ ಬಂದು ನಿಂತದ್ದು ನೋಡಿ, ಒದ್ದೆ ಕೈಯಲ್ಲೇ ತಿರುವುತ್ತಿದ್ದಳು.

ವೆಂಕಟರತ್ನಮ್ಮ ಮತ್ತೆ ಗಲ್ಲಿಗೆ ಬಂದಾಗ ಆ ಕೈ ಹಿಡಿದು ನೋಡಿದರು. ಆಮೇಲೆ ಮೂಸಿದರು.

"ಇದು ಮನೆ ನೀರಮ್ಮ," ಎಂದರು ಮೆತ್ತಗೆ. "ಹುಳದ ವಾಸನೆ ಎಲ್ಲಿದೆ? ಕೊಡೋರ ಕಣ್ಣಿಗೆ ಮಣ್ಣೆರಚೋಕೆ ನನ್ನ ಕೈಲಾಗಲ್ಲ."

ಅವರು ಹೇಳಿದ್ದು ನಿಜ. ಬೆಂದ ಹುಳದ ವಾಸನೆ ಸಮುದ್ರದಲ್ಲಿ ತೊಳೆದರೂ ಹೋಗುವಂಥದಲ್ಲ. ಫಿಲೇಚರಿನ ಹೆಂಗಸರು ತವರಿಗೆ ಹೋದರೆ ಆ ಊರಿನ ಬೆಕ್ಕುಗಳು ಬಸ್ ಸ್ಟ್ಯಾಂಡಿಗೇ ಬಂದು ಮನೆತನಕ ಬಿಟ್ಟು ಹೋಗುತ್ತವೆ.

ಹಫೀಜಾ ಮಗಳನ್ನು ಕರೆದುಕೊಂಡು ಲಾಲ್ ಬಾಷಾನ ಫಿಲೇಚರಿಗೆ ಹೋದಳು. ಅಲ್ಲಿಯ ಹಬೆ ಮಾಮೂಲಿ ಹಬೆಯಲ್ಲ. ಅವನ ಮಾವ ಒಂದು ಸೋಮವಾರ ಲೆಕ್ಕ ಕೇಳಲು ಒಳಗೆ ಹೋದವರು, ಶುಕ್ರವಾರ ಒಲೆ ಆರಿಸಿದ ಮೇಲೆ ಸಿಕ್ಕಿದರು. ಆರೋಗ್ಯವಾಗಿದ್ದರು, ಸ್ವಲ್ಪ ಬೆಂದಿದ್ದರು.

"ಒಂದು ತಿಂಗ್ಳು ಇಟ್ಕೊಳಿ ಭಾಯ್. ಆಮೇಲೆ ಮೇಡಂ ಬಂದು ಬಿಡಿಸ್ಕೊಂಡು ಹೋಗ್ತಾರೆ," ಎಂದಳು.

ಲಾಲ್ ಬಾಷಾ ನಕ್ಕ. "ನೀನೊಬ್ಳೇ ಏನಮ್ಮ? ನಿಮ್ ಗಲ್ಲಿಗೆ ಗಲ್ಲೀನೇ ಬಂದು ನಿಂತಿದೆ. ಬಿಡಿಸ್ಕೊಳೋಕೆ ಅಂತ ಸೇರ್ಕೊಳೋ ಜನಾನ ನಾನು ಇದೇ ಮೊದ್ಲು ನೋಡ್ತಿರೋದು. ಕೂಲಿ ಅರ್ಧ. ಹಾಸ್ಟೆಲ್ ಸಿಗತ್ತಲ್ಲ, ಉಳಿದರ್ಧ ಅದೇ ಅನ್ಕೋ."

ಷಮೀಮ್ ಹಬೆಯೊಳಗೆ ಹೋದಳು.

ಇತ್ತ ಉರ್ದು ಶಾಲೆ ಖಾಲಿಯಾಯಿತು. ಹೆಡ್‌ಮಾಸ್ತರು ನೂರುಲ್ಲಾ ಸಾಹೇಬರು ಶಿಸ್ತಿನ ಮನುಷ್ಯ. ಖಾಲಿ ಬೆಂಚುಗಳಿಗೇ ಹಾಜರಿ ಕೂಗಿ, ಒಂದೊಂದು ಹುಡುಗಿಯ ದನಿಯಲ್ಲಿ ತಾವೇ "ಹಾಜರ್ ಜನಾಬ್" ಅನ್ನುತ್ತಿದ್ದರು. ಕಿಟಕಿ ಪಕ್ಕದ ಬೆಂಚು ಲೆಕ್ಕದಲ್ಲಿ ಹಿಂದೆ ಬಿತ್ತೆಂದು ಅದಕ್ಕೆ ಬೆತ್ತದಲ್ಲಿ ಬಾರಿಸಿದರು, ಕಾಲು ಮುರಿಯಿತು. ಷಮೀಮಳ ಜಾಗಕ್ಕೆ ಬಂದಾಗ ಮಾತ್ರ ಹಾಜರಿ ಪುಸ್ತಕ ಮುಚ್ಚಿಡುತ್ತಿದ್ದರಂತೆ.

ತಿಂಗಳು ಮುಗಿಯಿತು, ಕೈ ನೋಡಿ ಒಪ್ಪಬೇಕಿದ್ದ ಹೊರದೇಶದವರು ಬರಲಿಲ್ಲ. ಇನ್ನೊಂದು ತಿಂಗಳು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಬಂತು. ಷಮೀಮ್ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಇವತ್ತೊಂದಿನ ಹೋಗ್ಬರ್ತೀನಿ ಅಮ್ಮೀ."

"ಈ ವಾರದಲ್ಲೇ ಬರ್ತಾರಂತೆ ಕಣೇ. ಒಣಗಿದ್ರೆ ಕೈ ವಾಸಿಯಾಗಿಬಿಡತ್ತೆ. ಹಾಸ್ಟೆಲ್‌ನಲ್ಲಿ ಬೇಕಾದಷ್ಟು ಪರೀಕ್ಷೆ ಬರೀಬಹುದು, ನಡಿ."

ಷಮೀಮ್ ಬಟ್ಟೆ ಬದಲಾಯಿಸಿ ಫಿಲೇಚರಿಗೆ ನಡೆದಳು. ಅವತ್ತಿನಿಂದ ಅವಳೂ ಅಪ್ಪನಂತೆ ಮಾತು ಕಡಿಮೆ ಮಾಡಿದಳು.

ಕೊನೆಗೊಂದು ದಿನ ಜೀಪು ಬಂತು. ವೆಂಕಟರತ್ನಮ್ಮನ ಜೊತೆ ಒಬ್ಬ ಬಿಳಿಯ ಹೆಂಗಸು. ಫಿಲೇಚರಿನೊಳಗೆ ಕಾಲಿಟ್ಟೊಡನೆ ಆಯಮ್ಮನ ಕನ್ನಡಕಕ್ಕೆ ಹಬೆ ಕವಿದು ನೀರು ಕೆನ್ನೆ ಮೇಲೆ ಹರಿಯಿತು. ಅಳುತ್ತಿದ್ದಾರೆ, ಅಳುತ್ತಿದ್ದಾರೆ ಅಂತ ಊರೆಲ್ಲ ಸುದ್ದಿಯಾಯಿತು. ಹೊರಗೆ ಹುಡುಗಿಯರು ಕೈ ಚಾಚಿಕೊಂಡು ಸಾಲು ನಿಂತರು. ಸಾಲು ಮಾರುಕಟ್ಟೆ ಸುತ್ತಿ, ರೈಲ್ವೆ ಗೇಟು ದಾಟಿತು. ಅವತ್ತು ಚಿಂತಾಮಣಿಯ ಬಸ್ಸುಗಳು ಹೊಲದ ಮೇಲೆ ಹಾದು ಹೋದವು.

"ನಿನ್ ಮಗಳದು ಇನ್ನೂ ಹಸಿ ಇದೆ ಕಣೇ," ಎಂದಳು ಪಕ್ಕದ ಮನೆಯ ಅಜೀಜಾ. "ನಮ್ಮ ಹುಡುಗೀದು ನೋಡು, ಎಷ್ಟು ಚೆನ್ನಾಗಿ ಬೆಂದಿದೆ!"

"ಬಾಯ್ಮುಚ್ಚೇ, ನಮ್ಮ ಹುಡುಗಿ ಓದಿನಲ್ಲೂ ಫಸ್ಟು, ಇದ್ರಲ್ಲೂ ಫಸ್ಟು," ಎಂದಳು ಹಫೀಜಾ. ಅಂದವಳು ಮಗಳ ಚಾಚಿದ ಕೈ ಬಿಟ್ಟು ಸಾಲಿನ ಮುಂದಕ್ಕೆ ನೋಡಿದಳು.

ಬಿಳಿಯ ಹೆಂಗಸು ಷಮೀಮಳ ಕೈ ಹಿಡಿದು ಇಂಗ್ಲಿಷಿನಲ್ಲಿ ಏನೋ ಅಂದರು.

"ಅವ್ರಿಗೆ ತುಂಬಾ ನೋವಾಗ್ತಿದೆಯಂತಮ್ಮ," ಎಂದರು ವೆಂಕಟರತ್ನಮ್ಮ.

"ಅವ್ರಿಗ್ಯಾಕೆ ನೋವು? ಅವ್ರದೇನು ಬೆಂದಿಲ್ವಲ್ಲ," ಎಂದಳು ಹಫೀಜಾ. ಆದರೂ ಖುಷಿಯಾಯಿತು. ಅವತ್ತೇ ಟ್ರಂಕು ತೊಳೆದು ಬಿಸಿಲಿಗಿಟ್ಟಳು.

ಟ್ರಂಕು ಒಣಗಿ, ಬೆಕ್ಕು ಅದರಲ್ಲಿ ಮರಿ ಹಾಕಿದ ಮೇಲೆ ವೆಂಕಟರತ್ನಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಬಾಗಿಲಲ್ಲೇ ನಿಂತರು.

"ಹಾಸ್ಟೆಲ್ ಗೌರಿಬಿದನೂರಿಗೆ ಹೋಯ್ತು ಹಫೀಜಮ್ಮ."

"ಯಾಕೆ?"

"ಇಲ್ಲಿ ಕಷ್ಟ ಭಾಳ ದೊಡ್ಡದಂತೆ. ಅವ್ರ ದುಡ್ಡು ಚಿಕ್ಕದಂತೆ, ಇಲ್ಲಿ ಸುರಿದ್ರೆ ಕಾಣಿಸೋದೇ ಇಲ್ವಂತೆ. ಗೌರಿಬಿದನೂರು ಕಡೆ ಇಂಥ ಹುಡುಗೀರು ಎಲ್ಲೋ ಒಬ್ರು ಇಬ್ರು. ಅವ್ರನ್ನ ಬಿಡಿಸಿದ್ರೆ ಊರಿಗೂರೇ ಬಿಡುಗಡೆ ಆಯ್ತು ಅಂತ ಹೇಳ್ಬಹುದಂತೆ."

"ನೀವು ಬಿಡಿಸ್ತೀರ ಅಂತಾನೇ ಅಲ್ವಾ ಮೇಡಂ ನಾವು ಸೇರಿಸಿದ್ದು?"

ಕೊಟ್ಟ ಟೀಯನ್ನು ವೆಂಕಟರತ್ನಮ್ಮ ಮುಟ್ಟಲಿಲ್ಲ. ಹೊರಟಾಗ ಹೊಸ್ತಿಲ ಬಳಿ ಇರುವೆ ಸಾಲಿತ್ತು, ನೋಡದೆ ತುಳಿದುಕೊಂಡು ಹೋದರು.

ಹಫೀಜಾ ತಲೆಗೆ ಸೆರಗು ಎಳೆದುಕೊಂಡು ಶಾಲೆಗೆ ಓಡಿದಳು. ಬೀಗ ಬಿದ್ದಿತ್ತು. ಮಕ್ಕಳಿಲ್ಲದ ಶಾಲೆ ಅಂತ ಮುಚ್ಚಿ, ನೂರುಲ್ಲಾ ಸಾಹೇಬರನ್ನು ಚಿಂತಾಮಣಿಗೆ ವರ್ಗ ಮಾಡಿದ್ದರು. ಕಿಟಕಿಯಲ್ಲಿ ಹಣಕಿದರೆ ಬೆಂಚುಗಳು ಸಾಲಾಗಿ ಕೂತಿದ್ದವು, ಪಾಸಾಗಿ ಎಲ್ಲಿಗೂ ಹೋಗಲಾರದವರ ಹಾಗೆ.

ಹೀಗೆ ವರ್ಷ ಕಳೆಯಿತು. ಷಮೀಮ್ ಈಗ ಲಾಲ್ ಬಾಷಾನ ಫಿಲೇಚರಿನಲ್ಲಿ ಎಲ್ಲರಿಗಿಂತ ಚುರುಕು. ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಹಫೀಜಾ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಾ, ಮಾರುಕಟ್ಟೆಯಲ್ಲಿ ಕೇಳಿದ ಸುದ್ದಿ ಹೇಳಿದಳು.

"ಬೇರೆ ಯಾರೋ ಬರ್ತಾರಂತೆ ಕಣೇ, ಬೆಂಗಳೂರಿಂದ. ಈ ಸಲ ಓದೋ ಹುಡುಗೀರಿಗೇ ಅಂತೆ, ಕೆಲಸಕ್ಕೆ ಹೋಗೋರಿಗೆ ಇಲ್ವಂತೆ. ಕೈ ನೋಡ್ತಾರಂತೆ, ಮೆತ್ತಗಿರ್ಬೇಕಂತೆ. ನಾಳೆಯಿಂದ ಬಿಟ್ಬಿಡು. ರಾತ್ರಿ ಕೊಬ್ರಿ ಎಣ್ಣೆ ಹಚ್ತೀನಿ, ಒಂದು ತಿಂಗ್ಳಿಗೆ ಚರ್ಮ ಬರತ್ತೆ..."

ಷಮೀಮ್ ಎದ್ದಳು. ಜಡೆ ಅರ್ಧಕ್ಕೇ ಇತ್ತು. ಅದನ್ನು ಹಾಗೇ ಗಂಟು ಹಾಕಿಕೊಂಡು, ಊಟದ ಡಬ್ಬಿ ತೆಗೆದುಕೊಂಡು ಗಲ್ಲಿಗಿಳಿದಳು.

"ನಿಲ್ಲೇ, ಪೂರ್ತಿ ಕೇಳು! ಲಾಲ್ ಬಾಷಾಗೆ ನಾನೇ ಹೇಳ್ತೀನಿ. ನೀನು ಸ್ಕೂಲು ಬಿಟ್ಟೇ ಇಲ್ಲ ಅಂತ, ಅವ್ರು ಬಂದು ಕೇಳಿದಾಗ ನೀನು ಸುಮ್ನೆ ಒಂದು ಪುಸ್ತಕ ಹಿಡ್ಕೊಂಡು..."