ಪ್ಲೇಟಿನ ಕೆಳಗಿನ ಹೊಲಿಗೆ

ಕೋಟಿನ ಎಡತೋಳಿಗೆ ಅಸ್ತರು ಅರ್ಧ ಕೂತಿತ್ತು. ಉಳಿದರ್ಧಕ್ಕೆ ಬೇಕಾದ ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಅವಳು ಬಟ್ಟೆಯ ಅಂಚು ಮಡಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ಕೂಗು ಬಂತು.

"ಪ್ಲೇಟು ಒರೆಸಿದ್ಯೇನೇ?"

"ಊಂ."

"ಊಂ ಅಂದ್ರೆ ಒರೆಸಿದೆ ಅಂತಲೋ, ಒರೆಸ್ತೀನಿ ಅಂತಲೋ?"

ಅವಳು ಪಿನ್ನುಗಳನ್ನು ಮಣಿಕಟ್ಟಿಗೆ ಕಟ್ಟಿದ್ದ ಪುಟ್ಟ ದಿಂಬಿಗೆ ಚುಚ್ಚಿ ಎದ್ದಳು. "ಒರೆಸ್ತೀನಿ ಅತ್ತೆ. ಕೋಟು ನಾಳೆ ಕೊಡ್ಬೇಕು."

"ಕೋಟಿನವನು ಕಾಯ್ತಾನೆ. ನಿಮ್ಮ ಭಾವ ಕಾಯಲ್ಲ."

ಮುಂದಿನ ಕೋಣೆ ವಾರವೆಲ್ಲ ಅವಳ ಹೊಲಿಗೆ ಅಂಗಡಿ. ಭಾನುವಾರ ಮಧ್ಯಾಹ್ನ ಕತ್ತರಿಸುವ ಮೇಜು ಗೋಡೆಗೆ ಸರಿದು, ಕುರ್ಚಿಗಳು ಸಾಲಾಗಿ ಕೂತು, ಅದೇ ಕೋಣೆ ಸಂಗೀತ ಕೇಳುವ ಜಾಗವಾಗುತ್ತಿತ್ತು. ದಾರದ ಉಂಡೆಗಳ ಶೆಲ್ಫಿನ ಕೆಳಗಿನ ಹಂತದಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್. ಆಟದ ನಿಯಮ ಅತ್ತೆ ಮಾಡಿದ್ದು: ಒಂದೇ ರಚನೆಯನ್ನು ಅವರ ಮಕ್ಕಳಿಬ್ಬರು ಬೇರೆ ಬೇರೆ ರೆಕಾರ್ಡಿಂಗಿನಲ್ಲಿ ತರಬೇಕು. ಕೇಳುವವರು ಯಂತ್ರಕ್ಕೆ ಬೆನ್ನು ಹಾಕಿ ಕೂರಬೇಕು. ಮೊದಲು ಕೇಳಿದ್ದು ಇಷ್ಟವಾದರೆ ಬಟ್ಟಲಿಗೆ ಕಪ್ಪು ಗುಂಡಿ, ಎರಡನೆಯದಾದರೆ ಬಿಳಿ. ಗುಂಡಿಗಳು ಅವಳ ಡಬ್ಬಿಯವು. ಯಾವುದು ಯಾರದೆಂದು ಪ್ಲೇಟು ಹಾಕುವ ಅವಳಿಗೆ ಮೊದಲೇ ಗೊತ್ತಿರುವುದರಿಂದ ಅವಳಿಗೆ ಗುಂಡಿಯಿಲ್ಲ. ಡಬ್ಬಿ ಮಾತ್ರ ಅವಳದು.

ಮೆತ್ತನೆಯ ಬಟ್ಟೆಯಿಂದ ಪ್ಲೇಟನ್ನು, ಅಂದರೆ ಪಿಟೀಲಿನ ರೆಕಾರ್ಡನ್ನು, ಗೀರುಗಳ ಗುಂಟ ಒರೆಸಿದಳು. ಈ ಮನೆಯಲ್ಲಿರುವುದು ಇದೊಂದೇ. ಮಾವ ತೀರಿಕೊಂಡು ಅಣ್ಣತಮ್ಮಂದಿರು ಬೇರೆಯಾದಾಗ ಪ್ಲೇಟುಗಳೆಲ್ಲ ಭಾವನ ಪಾಲಿಗೂ, ಕೆಟ್ಟು ಕೂತಿದ್ದ ಪ್ಲೇಯರ್ ಇವರ ಪಾಲಿಗೂ ಬಂದವು. ಪ್ಲೇಯರಿನ ಹಿಂದೆಯೇ ಅತ್ತೆಯೂ ಬಂದರು. "ಹಳೇ ಸಾಮಾನೆಲ್ಲ ಒಂದೇ ಕಡೆ ಇರ್ಲಿ," ಎಂದು ಅವರೇ ನಕ್ಕಿದ್ದರು. ಜೀವಮಾನವೆಲ್ಲ ಮಕ್ಕಳಿಗೆ ಸಂಗೀತ ಕಲಿಸಿದವರು ಆ ದಿನಗಳಲ್ಲಿ ಬಾಯಿ ಬಿಟ್ಟು ಒಂದು ಸ್ವರ ಹಾಡುತ್ತಿರಲಿಲ್ಲ.

ರಿಪೇರಿಯವನು ಪ್ಲೇಯರ್ ಬಿಚ್ಚಿ ನೋಡಿ, ಒಳಗಿನ ರಬ್ಬರ್ ಬೆಲ್ಟು ತುಂಡಾಗಿದೆ, ಈ ಮಾಡೆಲ್ಲಿನದು ಈಗ ಸಿಗುವುದಿಲ್ಲ ಎಂದು ಕೈ ಕೊಡವಿದ್ದ. ಅವಳು ಮಾತ್ರ ತುಂಡಾದ ಬೆಲ್ಟನ್ನು ಟೇಪು ಹಿಡಿದು ಅಳೆದಳು. ಸಪೂರ ಎಲಾಸ್ಟಿಕ್ ಆರಿಸಿದಳು. ತುದಿಗಳನ್ನು ಒಂದರ ಮೇಲೊಂದು ಇಟ್ಟರೆ ಉಬ್ಬು ಬಂದು ಚಕ್ರ ಕುಪ್ಪಳಿಸುತ್ತಿತ್ತು. ನೇರ ಕತ್ತರಿಸಿ ಕೂಡಿಸಿದರೆ ಬಾಯಿ ಬಿಡುತ್ತಿತ್ತು. ಕೊನೆಗೆ ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ, ಕೈಯಿಂದಲೇ ಹೊಲಿದಳು. ಚಕ್ರ ತಿರುಗಿತು.

ಸಂಜೆ ಪ್ರೆಸ್ಸಿನಿಂದ ಬಂದ ಗಂಡನಿಗೆ, "ಪ್ಲೇಯರ್ ಸರಿ ಮಾಡ್ದೆ," ಎಂದಳು.

"ಹೌದಾ! ಒಳ್ಳೇದಾಯ್ತು ಬಿಡು," ಎಂದವನು ಬಂದ ಕಾಲಲ್ಲೇ ಹೊರಟು, ಹಳೆಯ ಸಾಮಾನಿನ ಅಂಗಡಿಯಿಂದ ಈ ಪಿಟೀಲಿನ ಪ್ಲೇಟು ತಂದಿದ್ದ. ಹೇಗೆ ಸರಿ ಮಾಡಿದೆ ಎಂದು ಆಮೇಲೂ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಚೆನ್ನಾಗಿ ಕೂತ ಅಸ್ತರು ಹೊರಗಿನಿಂದ ಕಾಣುವುದಿಲ್ಲ, ಕಾಣಬಾರದು ಕೂಡ.

ಆದರೆ ಕೇಳುತ್ತಿತ್ತು. ಹೊಲಿಗೆ ಕೂಡಿದ ಜಾಗ ಪ್ರತಿ ಸುತ್ತಿನಲ್ಲೂ ಮೋಟಾರನ್ನು ದಾಟುವಾಗ ಪಿಟೀಲು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗಿ, ಮತ್ತೆ ಮುಂದಕ್ಕೆ ಬರುತ್ತಿತ್ತು. ಮೇಲಿನ ಮನೆಯ ಲೈಬ್ರರಿ ಮೇಡಂ ಅದಕ್ಕೆ 'ತೂಗು' ಎಂದು ಹೆಸರಿಟ್ಟಿದ್ದರು. "ಎಷ್ಟು ಜನ ನುಡಿಸಿರ್ಬಹುದು ಇದನ್ನ. ಈ ತೂಗು ಇನ್ಯಾರಿಗಾದ್ರೂ ಬಂತಾ ಹೇಳಿ!" ಎಂದು ಅವರು ತಲೆದೂಗಿದಾಗಲೆಲ್ಲ ಅವಳು ಟೀ ಲೋಟಗಳನ್ನು ಎತ್ತುತ್ತ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಕೆನ್ನೆ ಬೆಚ್ಚಗಾಗುತ್ತಿತ್ತು. ಹೊಗಳಿಕೆ ಪಿಟೀಲಿನವನಿಗೆ ಹೋಗುವ ದಾರಿಯಲ್ಲಿ ಅವಳ ಕೈಯನ್ನು ಸವರಿಕೊಂಡು ಹೋಗುತ್ತಿತ್ತು.

ಭಾವ ಕಿವಿಯ ಡಾಕ್ಟರು. ಬಂದವರು ಅಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಅಮ್ಮ, ಇವತ್ತು ಹೊಸ ನುಡಿಸೋವನನ್ನ ತಂದಿಲ್ಲ. ನಿಮ್ಮ ಪಿಟೀಲಿನವನನ್ನೇ ತಂದಿದ್ದೀನಿ. ಅದೇ ಮನುಷ್ಯ, ಅದೇ ದಿನ ನುಡಿಸಿದ್ದು. ಮೂಲ ಟೇಪಿನಿಂದ ಹೊಸದಾಗಿ ಸಿ.ಡಿ. ಮಾಡಿದ್ದಾರೆ."

"ಅದೇ ಆದ್ರೆ ಹೋಲಿಸೋದೇನೋ?"

"ಅದೇ ತಮಾಷೆ. ನಿಮ್ಮದು ನಿದ್ದೆ ಮಾಡ್ತಿದೆ."

"ಹೊಟ್ಟೆಕಿಚ್ಚು ಅಣ್ಣ ನಿನಗೆ," ಎಂದ ಅವಳ ಗಂಡ, ಕುರ್ಚಿ ಸರಿಸುತ್ತ. "ಮನೆ ತುಂಬ ಪ್ಲೇಟಿದೆ, ನಮ್ಮ ಹತ್ರ ಇರೋ ಒಂದರ ಮೇಲೂ ಕಣ್ಣು."

"ಕಣ್ಣಲ್ಲಪ್ಪ, ಕಿವಿ."

"ಬೇರೆಯವ್ರ ಕಿವಿ ಒಳಗೆ ಇಣುಕೀ ಇಣುಕೀ ನಿನ್ನ ಕಿವಿ ಮರೆತುಹೋಗಿದೆ," ಎಂದರು ಅತ್ತೆ. "ಕೂತ್ಕೊಳ್ಳಿ ಎಲ್ಲ. ನೀನು ಹಾಕೇ."

ಲೈಬ್ರರಿ ಮೇಡಂ ಸೇರಿ ನಾಲ್ವರೂ ಗೋಡೆಗೆ ಮುಖ ಮಾಡಿ ಕೂತರು. ಅವಳು ಮೊದಲು ತಮ್ಮ ಪ್ಲೇಟನ್ನು ಹಾಕಿದಳು. ಪಿಟೀಲು ಕೆಳಗಿನ ಸ್ವರದಿಂದ ಆತುರವಿಲ್ಲದೆ ಎದ್ದು ಮೇಲೇರತೊಡಗಿತು. ಎಂದಿನಂತೆ ಅತ್ತೆ ಗಂಟಲೊಳಗೇ ಗುನುಗುತ್ತ ಅದರ ಕೈ ಹಿಡಿದು ಹೋದರು. ಅವರು ಗುನುಗುತ್ತಿದ್ದುದು ಈ ಪ್ಲೇಟಿನೊಂದಿಗೆ ಮಾತ್ರ. ತುದಿಯ ಸ್ವರದಲ್ಲಿ ಪಿಟೀಲು ನಿಂತಿತು, ತೂಗಿತು, ಅತ್ತೆಯೂ ನಿಂತರು.

ಆಮೇಲೆ, ಭಾವ ಜೊತೆಗೇ ತಂದಿದ್ದ ಯಂತ್ರದಲ್ಲಿ, ಅವರ ಸಿ.ಡಿ. ಅದೇ ಪಿಟೀಲು, ಆದರೆ ಒಂದು ಮೆಟ್ಟಿಲು ಮೇಲೆ, ಬೆಳಗಿನ ನಡಿಗೆಗೆ ಹೊರಟವನ ಹಾಗೆ ಚುರುಕು. ಅತ್ತೆ ಗುನುಗಲಿಲ್ಲ. ತಲೆ ಓರೆ ಮಾಡಿ ಕೇಳಿದರು.

ಬಟ್ಟಲಿಗೆ ಮೂರು ಕಪ್ಪು ಗುಂಡಿ ಬಿದ್ದವು, ಒಂದು ಬಿಳಿ. ಆ ಬಿಳಿ ಯಾರದೆಂದು ಕೇಳಬೇಕಾಗಿರಲಿಲ್ಲ. ಗಂಡ ಗಹಗಹಿಸಿದ. ಭಾವ ಮಾತ್ರ ಸೋತ ಮುಖ ಮಾಡಲಿಲ್ಲ. ಜೇಬಿನಿಂದ ಸಣ್ಣ ಪೊಟ್ಟಣವೊಂದನ್ನು ತೆಗೆದರು.

"ಈ ಆಟ ಇನ್ನೂ ಮುಗಿದಿಲ್ಲ. ನಿಮ್ಮ ಯಂತ್ರದ ಬೆಲ್ಟು ಸಡಿಲವಾಗಿದೆ. ಅದಕ್ಕೇ ಶ್ರುತಿ ಇಳಿದಿದೆ. ಎಲ್ಲೆಲ್ಲೋ ಹುಡುಕಿಸಿ ಈ ಮಾಡೆಲ್ಲಿಂದೇ ತರಿಸಿದ್ದೀನಿ. ಏನಮ್ಮಾ, ನಿನ್ನ ಕೈ ಸಣ್ಣದು, ಹಾಕ್ತೀಯಾ?"

ಅವರು ಚಾಚಿದ ಪೊಟ್ಟಣವನ್ನು ಅವಳು ತೆಗೆದುಕೊಂಡಳು. "ಈಗಲೇನಾ ಭಾವ?"

"ಈಗಲೇ. ನಿಜ ಗೊತ್ತಾಗ್ಲಿ."

ಅವರಿಗೆ ಬೆನ್ನು ಮಾಡಿ ನಿಂತು ಚಕ್ರ ಎತ್ತಿದಳು. ಎಲಾಸ್ಟಿಕ್ ಅಲ್ಲಿತ್ತು, ಬಣ್ಣ ಮಾಸಿ, ಅಂಚಿನ ಎಳೆ ಎದ್ದು. ಒಮ್ಮೆ ತಿರುಗಿ ಎಲ್ಲರಿಗೂ ತೋರಿಸಿಬಿಡಲೇ ಎನ್ನಿಸಿತು: ನೋಡಿ, ನಿಮ್ಮ ತೂಗು ಇದು. ಆದರೆ ಆ ಗಳಿಗೆಯಲ್ಲಿ ಅದು ತೂಗಾಗಿ ಅಲ್ಲ, ತಪ್ಪಾಗಿ ಕಾಣುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿ, ರವಿಕೆಯ ಗುಂಡಿಗಳಿದ್ದ ಡಬ್ಬಿಗೆ ಜಾರಿಸಿದಳು. ಹೊಸ ರಬ್ಬರನ್ನು ಸುತ್ತಿಸಿ ಮುಳ್ಳು ಇಳಿಸಿದಳು.

ಸಿ.ಡಿ.ಯಲ್ಲಿ ಕೇಳಿದ್ದೇ ಈಗ ಪ್ಲೇಟಿನಿಂದಲೂ ಬಂತು. ಅದೇ ಎತ್ತರ, ಅದೇ ಚುರುಕು. ಗಂಡ ಪರರ ಮನೆಗೆ ಬಂದವನಂತೆ ಕುರ್ಚಿಯ ತುದಿಗೆ ಸರಿದು ಕೂತಿದ್ದ.

"ಏನಮ್ಮ ನಿಮ್ಮ ತೀರ್ಪು?" ಎಂದರು ಭಾವ.

ಅತ್ತೆ ಬಟ್ಟಲನ್ನು ತಡವಿ, ಒಂದು ಕಪ್ಪು ಗುಂಡಿ ಹೊರತೆಗೆದು, ಬಿಳಿಯದನ್ನು ಹಾಕಿದರು. "ಸರಿ ಅಂದ್ರೆ ಸರಿ. ಅವನು ನುಡಿಸಿದ್ದು ಹೀಗೆ. ನಾನು ಇಷ್ಟು ವರ್ಷ ಇಳಿಸಿ ನುಡಿಸಿದ್ದಾನೆ ಅಂದ್ಕೊಂಡಿದ್ದೆ. ನೀನು ಗೆದ್ದೆ ಕಣೋ." ಬೆನ್ನು ನೆಟ್ಟಗೆ ಮಾಡಿಕೊಂಡೇ ಅಂದರು. ಮಗನೆದುರು ಸೋಲೊಪ್ಪುವಾಗಲೂ ಅವರು ಮೇಷ್ಟ್ರಮ್ಮನೇ. ಅವಳಿಗೆ ಅತ್ತೆಯ ಬಗ್ಗೆ ಹೆಮ್ಮೆಯೆನಿಸಿತು.

"ಆದ್ರೂ ತೂಗು ಹೋಯ್ತಲ್ಲ," ಎಂದರು ಲೈಬ್ರರಿ ಮೇಡಂ ಮೆಟ್ಟಿಲು ಹತ್ತುವಾಗ.

"ಯಂತ್ರದ ರೋಗ ಮೇಡಂ ಅದು," ಎಂದರು ಭಾವ. "ಔಷಧಿ ಬಿತ್ತು, ಹೋಯ್ತು."

ಸೋಮವಾರ ಬೆಳಗ್ಗೆ ಗಂಡ ಪ್ರೆಸ್ಸಿಗೆ ಹೋದ ಮೇಲೆ ಅವಳು ಕೋಟಿನ ತೋಳಿಗೆ ಮರಳಿದ್ದಳು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಹಾಕೇ ಒಂದ್ಸಲ. ನಾವಿಬ್ರೇ ಕೇಳೋಣ."

ಹಾಕಿದಳು. ಪಿಟೀಲು ಎದ್ದಿತು. ಅತ್ತೆ ಗುನುಗುತ್ತ ಅದರ ಜೊತೆಗೆ ಹೊರಟರು. ಎರಡು ಮೆಟ್ಟಿಲು ಸರಿಯಾಗಿ ಹತ್ತಿದರು. ಮೂರನೆಯದರಲ್ಲಿ ದನಿ ನಡುಗಿತು, ಅದರ ಮೇಲಿನದಕ್ಕೆ ಕೈ ಚಾಚಿ, ಸಿಕ್ಕದೆ, ಬರಿಯ ಉಸಿರಾಯಿತು. ಪಿಟೀಲು ತನ್ನ ಪಾಡಿಗೆ ಮೇಲೆ ಹೋಯಿತು.

ಅತ್ತೆ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದರು. ಅಲ್ಲಿಗೇ ಬಂದು ನಿಂತಿತು.

"ನಿಲ್ಸಿಬಿಡು." ನಕ್ಕರು. "ನೋಡ್ದ್ಯಾ, ನಿನ್ನೆವರೆಗೂ ಬರ್ತಿತ್ತು. ಒಂದೇ ರಾತ್ರೀಲಿ ಕೈಕೊಡ್ತು ಗಂಟಲು. ಮುಗೀತು ಕಣೇ ನಂದು."

"ಹಾಗೆಲ್ಲ ಅಲ್ಲ ಅತ್ತೆ. ಪ್ಲೇಟೇ ಎತ್ತರ ಆಗಿರೋದು."

"ಸಮಾಧಾನ ಹೇಳ್ಬೇಡ. ಪ್ಲೇಟು ಸರಿಯಾಗಿದೆ, ನಾನೇ ಗುಂಡಿ ಹಾಕಿದ್ದೀನಿ. ಸರಿಯಾದ ಶ್ರುತಿಗೆ ಏರೋಕೆ ಆಗ್ಲಿಲ್ಲ ಅಂದ್ರೆ ಹಾಡೋ ಯೋಗ್ಯತೆ ಇಲ್ಲ ಅಂತ ಎಷ್ಟು ಮಕ್ಕಳನ್ನ ಬಾಯಿ ಮುಚ್ಚಿಸಿದ್ದೀನಿ ಗೊತ್ತಾ ನಾನು!" ಎದ್ದು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿಕೊಂಡಿತು.

ಅವಳು ಪ್ಲೇಯರಿನ ಮುಳ್ಳು ಎತ್ತಿಟ್ಟಳು. ಒಳಗಿನಿಂದ ಏನೂ ಕೇಳಲಿಲ್ಲ. ಮಾವ ಹೋದ ಹೊಸತರ ಮೌನ ಅವಳಿಗೆ ಚೆನ್ನಾಗಿ ನೆನಪಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದರು, ಬಟ್ಟೆ ಮಡಿಸಿಡುತ್ತಿದ್ದರು, ಆದರೆ ಮನೆಯೊಳಗೆ ಯಾರೋ ಒಬ್ಬರು ಇಲ್ಲವೆಂದೇ ಅನ್ನಿಸುತ್ತಿತ್ತು.

ಡಬ್ಬಿಯಿಂದ ಎಲಾಸ್ಟಿಕ್ಕನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಜಗ್ಗಿ ನೋಡಿದಳು. ಅದು ಮೊದಲಿನಷ್ಟು ಹಿಂದಕ್ಕೆ ಬರಲಿಲ್ಲ. ವರ್ಷದಿಂದ ವರ್ಷಕ್ಕೆ ತುಸು ತುಸುವೇ ಸಡಿಲವಾಗುತ್ತ, ಪಿಟೀಲನ್ನು ತುಸು ತುಸುವೇ ಇಳಿಸುತ್ತ ಬಂದಿತ್ತು. ಅತ್ತೆಯ ಗಂಟಲೂ ಅಷ್ಟಷ್ಟೇ ಇಳಿಯುತ್ತ ಬಂದಿರಬೇಕು. ಇಬ್ಬರಿಗೂ ತಿಳಿಯದಂತೆ ಅವು ಒಂದರ ಪಕ್ಕ ಒಂದು ನಡೆದಿದ್ದವು. ಎಳೆಗಳು ಸೋತಿದ್ದವು ನಿಜ. ಆದರೆ ಓರೆ ಸೇರಿದ ಜಾಗವನ್ನು ಉಗುರಿನಿಂದ ಕೆದಕಿ ನೋಡಿದಳು: ತನ್ನ ಕೈಹೊಲಿಗೆಯ ಒಂದು ಗಂಟೂ ಬಿಟ್ಟಿರಲಿಲ್ಲ.

ಭಾವ ಹೇಳಿದ್ದು ಸುಳ್ಳಲ್ಲ. ಅತ್ತೆ ಹಾಕಿದ ಬಿಳಿ ಗುಂಡಿಯೂ ಸುಳ್ಳಲ್ಲ. ಗೊತ್ತಾದರೆ ಅತ್ತೆ ಸಿಟ್ಟಾಗಬಹುದು, ನನ್ನ ಕಿವಿಗೇ ಮೋಸ ಮಾಡಿದ್ಯಾ ಎನ್ನಬಹುದು. ಅವಳು ಅದನ್ನೂ ಯೋಚಿಸಿದಳು. ಯೋಚಿಸುತ್ತಲೇ ಮೇಜಿನ ಖಾನೆಯನ್ನೆಳೆದು ಹೊಸ ಎಲಾಸ್ಟಿಕ್ಕಿನ ಸುರುಳಿ ತೆಗೆದಳು. ಗಿರಾಕಿಯ ಮೈ ಹೇಗಿದೆಯೋ ಹಾಗೆ ಬಟ್ಟೆ ಹೊಲಿಯುವವಳು ಅವಳು. ಬಟ್ಟೆಗೆ ಸರಿಯಾಗಿ ಮೈ ಮಾಡಿಕೊಂಡು ಬಾ ಎಂದು ಇವತ್ತಿನವರೆಗೆ ಯಾರನ್ನೂ ವಾಪಸು ಕಳಿಸಿದವಳಲ್ಲ.

ಭಾವ ಬರುವ ಭಾನುವಾರಗಳಿಗೆ ರಬ್ಬರು ಇದ್ದೇ ಇದೆ. ಚಕ್ರ ಎತ್ತಿ ಬದಲಿಸುವುದು ಎಷ್ಟರ ಕೆಲಸ.

ಹಳೆಯದನ್ನು ಮೇಜಿನ ಮೇಲೆ ಎಳೆಯದೆ, ಕುಗ್ಗಿಸದೆ ಚಪ್ಪಟೆ ಮಲಗಿಸಿ ಅದರ ಪಕ್ಕದಲ್ಲೇ ಹೊಸದನ್ನು ಬಿಚ್ಚಿಟ್ಟಳು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಒಂದಿಷ್ಟು ಮಡಿಕೆ ಬಿಡುವಂತೆ, ಅತ್ತೆಯ ಗಂಟಲು ಇನ್ನಷ್ಟು ಇಳಿಯಬಹುದಾದ ಮುಂದಿನ ವರ್ಷಗಳಿಗೆಂದು ಬೆರಳಗಲ ಹೆಚ್ಚಿಗೆ ಗುರುತು ಹಾಕಿದಳು.

"ಏನ್ ಮಾಡ್ತಿದ್ದೀಯೇ? ಮೆಷಿನ್ ಸದ್ದೇ ಇಲ್ಲ," ಎಂದರು ಅತ್ತೆ ಒಳಗಿನಿಂದ.

ಸೂಜಿ ಅವಳ ಹಲ್ಲುಗಳ ನಡುವೆ ಇತ್ತು.

"ಊಂ," ಎಂದು, ಕತ್ತರಿಯನ್ನು ಓರೆಯಾಗಿ ಹಿಡಿದಳು.