ಮಹಡಿಯ ಹನ್ನೊಂದು ಕೊಕ್ಕೆಗಳು

ಹದಿನಾಲ್ಕು ವರ್ಷ ಬಾಡಿಗೆ ಮನೆಗಳನ್ನು ಬದಲಿಸಿ ಸಾಕಾಗಿದ್ದ ಬಸ್ ಡ್ರೈವರ್‌ಗೂ ಅವನ ಟೈಲರ್ ಹೆಂಡತಿಗೂ ಕೈಗೆಟುಕುವ ಸ್ವಂತ ಮನೆ ಸಿಕ್ಕಿದ್ದು ಊರಾಚೆ, ಹೊಳೆದಂಡೆಯ ಬಡಾವಣೆಯಲ್ಲಿ. ದಿಬ್ಬದ ಮೇಲಿನ ಮನೆ. ಕೆಳಗೆ ಎರಡು ಕೋಣೆ, ಅಡುಗೆಮನೆ. ಮಹಡಿಯಲ್ಲಿ ಉದ್ದಕ್ಕೂ ಒಂದೇ ಹಾಲ್.

"ಇಷ್ಟು ಅಗ್ಗಕ್ಕೆ ಯಾಕ್ರೀ ಕೊಡ್ತಿದಾರೆ?" ಎಂದು ಡ್ರೈವರ್ ಕೇಳಿದ.

"ಹೊಳೆ ಹತ್ರ ಅಂತ ಜನ ಸುಮ್ನೆ ಹೆದರ್ತಾರೆ ಸಾರ್. ಈ ಮನೆ ಹೊಸಿಲಿಗೆ ನೀರು ಮುಟ್ಟಿದ್ದೇ ಇಲ್ಲ," ಎಂದ ದಲ್ಲಾಳಿ.

ಹೆಂಡತಿಯ ಕಣ್ಣು ಮಹಡಿಯ ಗೋಡೆಯ ಮೇಲಿತ್ತು. ಅಲ್ಲಿ ಸಾಲಾಗಿ ಹನ್ನೊಂದು ಕಬ್ಬಿಣದ ಕೊಕ್ಕೆಗಳು. ಒಂದೊಂದರ ಕೆಳಗೂ ನೀಲಿ ಬಣ್ಣದ ಅಂಕಿ. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಆರು. ಐದು ಎಲ್ಲೂ ಇಲ್ಲ.

"ಇದೇನು?"

"ಯಾವ ಕಾಲದ್ದೋ ಮೇಡಂ. ಸುಣ್ಣ ಹೊಡೆದ್ರೆ ಆಯ್ತು."

"ಕೊಕ್ಕೆಗೆ ಸುಣ್ಣ ಹೊಡೆದ್ರೆ ಬೆಳ್ಳಗಿರೋ ಕೊಕ್ಕೆ ಆಗುತ್ತೆ, ಅಷ್ಟೇ."

"ಮನೆ ನೋಡೋಕೆ ಬಂದು ಕೊಕ್ಕೆ ಎಣಿಸ್ತಿದಾಳೆ," ಎಂದು ಗಂಡ ನಕ್ಕ.

ಆದರೆ ಅವಳ ತಲೆಯಿಂದ ಅದು ಇಳಿಯಲಿಲ್ಲ. ಹಾಸ್ಟೆಲ್ ಇತ್ತೇ? ಹೊಲಿಗೆ ತರಗತಿಯೇ? ಹಾಗಿದ್ದರೆ ಐದು ಎಲ್ಲಿ ಹೋಯಿತು? ಯೋಚಿಸುತ್ತ ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟಳು. ಇನ್ನು ತಡೆಯಲಾರದೆ ಮರುದಿನ ಒಬ್ಬಳೇ ಹೊರಟು, ದಿಬ್ಬ ಇಳಿದು, ಹೊಳೆಗೆ ಅಂಟಿಕೊಂಡ ಕೆಳಬೀದಿಗೆ ಬಂದಳು. ಬಾಗಿಲ ಮೇಲೆ ನೀಲಿಯಲ್ಲೇ ನಾಲ್ಕು ಎಂದು ಬರೆದಿದ್ದ ಮನೆಯ ಮುಂದೆ ಹೆಂಗಸೊಬ್ಬಳು ಬಟ್ಟೆ ಹರವುತ್ತಿದ್ದಳು.

"ಅಕ್ಕಾ, ಮೇಲಿನ ಮನೇಲಿರೋ ಕೊಕ್ಕೆಗಳು ಯಾರದ್ದು?"

"ನಾಲ್ಕನೇದು ನಮ್ದು!" ಎಂದು ಅವಳು ನಕ್ಕಳು. "ನೀರು ಬೀದಿಗೆ ನುಗ್ಗಿದಾಗ ನಾವೆಲ್ಲ ನರ್ಸಮ್ಮನ ಮಹಡಿಗೆ ಹೋಗ್ತೀವಿ. ಕಾಗದಪತ್ರದ ಚೀಲ ಅದಲುಬದಲಾಗಬಾರ್ದು ಅಂತ ಮನೆಗೊಂದು ಕೊಕ್ಕೆ."

"ಐದನೇ ಮನೆಯವರು?"

"ಅವರು ಸ್ವಂತ ಮಹಡಿ ಕಟ್ಕೊಂಡ್ರಲ್ಲ!"

ನರ್ಸಮ್ಮ ಎಂದರೆ ಮನೆ ಮಾರುತ್ತಿದ್ದ ನಿವೃತ್ತ ನರ್ಸ್. ತಂಗಿಯ ಜೊತೆಗಿರಲು ಬೇರೆ ಊರಿಗೆ ಹೊರಡುವವರಿದ್ದರು. ಟೈಲರ್ ಮತ್ತೆ ದಿಬ್ಬ ಹತ್ತಿ ನೇರವಾಗಿ ಅವರ ಬಾಗಿಲು ತಟ್ಟಿದಳು.

"ಮೊದಲೇ ಯಾಕಮ್ಮಾ ಹೇಳ್ಲಿಲ್ಲ?"

"ಯಾರು ಕೇಳ್ತಾರೆ ಅಂತ ಕಾಯ್ತಿದ್ದೆ," ಎಂದರು ಆಕೆ. "ಮೂರು ಪಾರ್ಟಿ ಬಂದ್ರು. ಒಬ್ಬರ ಕಣ್ಣಿಗೂ ಗೋಡೆ ಬೀಳ್ಲಿಲ್ಲ. ಒಬ್ಬರಂತೂ ಹಾಲ್‌ಗೆ ಎಷ್ಟು ಬಾಡಿಗೆ ಬರುತ್ತೆ ಅಂದ್ರು. ನಾನು ಕೊಡಲ್ಲ ಅಂದ್ಬಿಟ್ಟೆ. ಇದನ್ನ ಕಾಗದದಲ್ಲಿ ಬರೆಸೋಕಾಗಲ್ಲಮ್ಮ. ಬಾಯಿಮಾತು. ಅದಕ್ಕೇ ಬೆಲೆ ಇಳಿಸಿದ್ದು. ನೀರು ಬಂದಾಗ ಬಾಗಿಲು ತೆಗೀತೀರಾ?"

ಅವಳು ತಕ್ಷಣ ಹೂಂ ಅನ್ನಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ತಟ್ಟೆ ದೂಡಿ ಕೂತ.

"ಇದೊಳ್ಳೆ ಕಥೆ ಆಯ್ತಲ್ಲ! ಮನೆ ನಮ್ದು, ಮಹಡಿ ಊರವರ್ದಾ?"

"ವರ್ಷವೆಲ್ಲ ಅಲ್ವಲ್ರೀ."

"ಎಷ್ಟು ಜನ ಬರ್ತಾರಂತೆ? ಎಷ್ಟು ದಿನ ಇರ್ತಾರೆ? ಅಡುಗೆ ಯಾರು ಮಾಡ್ತಾರೆ?"

"ನಂಗೇನು ಗೊತ್ತು? ಬನ್ನಿ, ನೀವೇ ಕೇಳಿ."

ಭಾನುವಾರ ಬೇಡ ಎನ್ನಲೆಂದೇ ಕೆಳಬೀದಿಗೆ ಹೋದವನು ಮಧ್ಯಾಹ್ನದವರೆಗೂ ಅಲ್ಲೇ ಉಳಿದ. ಹಾಸಿಗೆ ಹಿಡಿದವರನ್ನು ದಿಬ್ಬ ಹತ್ತಿಸುವುದು ಹೇಗೆ, ಒಲೆ ಯಾರು ಹೊತ್ತು ತರುತ್ತಾರೆ, ಎಲ್ಲವನ್ನೂ ಕೆದಕಿ ಕೇಳಿದ. ಹಿಂತಿರುಗುವಾಗ, "ದಿಬ್ಬದ ತಿರುವಲ್ಲಿ ಹಿಡ್ಕೊಳೋಕೆ ಕಂಬಿ ಹಾಕಿಸ್ಬೇಕು. ಜಾರುತ್ತೆ," ಎಂದ. ಅದೇ ಅವನ ಒಪ್ಪಿಗೆ ಎಂದು ಅವಳು ತಿಳಿದುಕೊಂಡಳು. ತಿಂಗಳೊಳಗೆ ಮನೆ ಅವರದಾಯಿತು.

ಎರಡನೇ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹೊಳೆ ಉಕ್ಕಿತು. ಟೈಲರ್ ಮೆಷಿನ್ ನಿಲ್ಲಿಸಿ ಬಾಗಿಲು ತೆಗೆದಳು. ನಲವತ್ತಮೂರು ಜನ ಬಂದರು. ಜೊತೆಗೆ ನಾಲ್ಕು ಕೋಳಿ, ಒಂದು ಗಿಳಿ. ಸಂಜೆ ಡ್ಯೂಟಿ ಮುಗಿಸಿ ಬಂದ ಡ್ರೈವರ್ ನೋಡುತ್ತಾನೆ, ತನ್ನ ಮಂಚದ ಮೇಲೆ ಒಂಬತ್ತನೇ ಮನೆಯ ಮುದುಕ!

"ಏಳ್ಬೇಕೇನಪ್ಪಾ?" ಎಂದ ಮುದುಕ.

"ಬೇಡ ತಾತ, ಮಲ್ಕೊಳಿ. ನೀರು ಇಳಿಯುತ್ತೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಮುದುಕ ಹೊಳೆಯ ನೊರೆ, ಬಣ್ಣ, ತೇಲಿ ಬರುವ ಕಸದ ಲೆಕ್ಕ ಹೇಳತೊಡಗಿದ. ಡ್ರೈವರ್ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಲೇ ಇದ್ದ. ಉತ್ತರದ ನಡುವೆ ಮುದುಕ ಗೊರಕೆ ಹೊಡೆದ.

ಮೂರನೇ ದಿನ ಬೀದಿ ಕಾಣಿಸಿತು. ಎಲ್ಲರೂ ಪೊರಕೆ, ಬಕೆಟ್ ಹಿಡಿದು ಇಳಿದರು. ಗಂಡ ಹೆಂಡತಿಯೂ ಅವರ ಹಿಂದೆಯೇ ಇಳಿದು, ಮಧ್ಯಾಹ್ನದ ತನಕ ಮೊದಲನೇ ಮನೆಯ ಕೆಸರು ಬಳಿದು ಹೊರಹಾಕಿದರು.