ಬೂಷ್ಟು ಹಿಡಿದ ಜೋಳ

ನಮ್ಮ ಮನೆಯವರು ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ. ಇದನ್ನು ನಾನು ಮದುವೆಯಾದ ವರ್ಷವೇ ಕಂಡುಕೊಂಡಿದ್ದೆ. ಆದರೆ ಅದಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾಗುತ್ತದೆಂದು ತಿಳಿದದ್ದು ನಿಜಾಮನ ಮೇಲೆ ಪೋಲೀಸ್ ಆಕ್ಷನ್ ಆದ ತಿಂಗಳು, ಇಜೇರಿ ಊರಿನ ನಮ್ಮ ಬದನೆ ತೋಟದಿಂದ.

ಎರಡು ವರ್ಷದಿಂದ ಗಿಡ ಹೂಬಿಡುವ ಹೊತ್ತಿಗೆ ಬಾಡುತ್ತಿತ್ತು. ಕಿತ್ತರೆ ಬೇರಿನ ತುಂಬ ಗಂಟು. ತೋಟ ಪಾಲಿಗೆ ಮಾಡುತ್ತಿದ್ದ ಗೌಸಮೊಹಿದ್ದೀನ ಹಿಂದೊಮ್ಮೆ ಸರಕಾರಿ ತೋಟದಲ್ಲಿ ಕೂಲಿಗಿದ್ದವನು. ಕಣ್ಣಿಗೆ ಕಾಣದ ಹುಳ ಬೇರು ಹೊಕ್ಕು ಗಂಟು ಮಾಡುತ್ತವೆ, ಮಣ್ಣಿನ ಒಂದು ಬಗೆಯ ಬೂಷ್ಟು ಎಳೆಯಿಂದ ಉರುಲು ಹಾಕಿ ಅವನ್ನು ಹಿಡಿದು ತಿನ್ನುತ್ತದೆ ಎಂದು ಅಲ್ಲಿಯ ಸಾಹೇಬರೊಬ್ಬರು ಸಣ್ಣದನ್ನು ದೊಡ್ಡದಾಗಿ ಕಾಣಿಸುವ ಗಾಜಿನಲ್ಲಿ ತೋರಿಸಿದ್ದರಂತೆ. ನಮ್ಮವರು ಮೊದಲು ನಕ್ಕರು, ಆಮೇಲೆ ಮಾಡು ಅಂದರು. ಹೊಸ ಮಡಕೆಯಲ್ಲಿ ಜೋಳ ಬೇಯಿಸಿಕೊಟ್ಟವಳು ನಾನು. ಗಂಟಿಲ್ಲದೆ ಉಳಿದಿದ್ದ ಒಂದೇ ಗಿಡದ ಬುಡದ ಮಣ್ಣು ಚಿಟಿಕೆ ಬೆರೆಸಿ ಅವನು ಮಡಕೆಯ ಬಾಯಿಗೆ ಬಟ್ಟೆ ಕಟ್ಟಿಟ್ಟ. ವಾರದಲ್ಲಿ ಬಿಳಿ ಬೂಷ್ಟು ಅರಳೆಯಂತೆ ಎದ್ದಿತು. ಬಿಸಿಲು ಬಡಿದರೆ ಸಾಯುತ್ತದೆಂದು ಹೊತ್ತಿಳಿದ ಮೇಲೆ ಗೊಬ್ಬರದ ಜೊತೆ ಗಿಡದ ಬುಡಕ್ಕೆ ಹೂಳುತ್ತಿದ್ದ.

ನಮ್ಮ ಕಡೆ ಹೊಸ ಮಡಕೆ, ಬೆಂದ ಕಾಳು, ಮುಚ್ಚಂಜೆ ಮೂರೂ ಒಂದು ಹೊಲದಲ್ಲಿ ಕೂಡಿದರೆ ಅದು ಮಾಟವೇ. ಪಕ್ಕದ ಹೊಲದ ಚಂದಪ್ಪ ನೋಡಿಬಿಟ್ಟ. ರಜಾಕಾರರ ದಾಳಿಯಲ್ಲಿ ಅವನ ಬಣವೆ ಸುಟ್ಟಿತ್ತು. ಆ ಸಿಟ್ಟು ತೀರಿಸಿಕೊಳ್ಳಲು ಅವನಿಗೊಬ್ಬ ಮನುಷ್ಯ ಬೇಕಾಗಿದ್ದ. ಮರುದಿನ ಬೆಳಿಗ್ಗೆ ಬಡಿಗೆ ಹಿಡಿದ ಜನ ನಮ್ಮ ಅಂಗಳದಲ್ಲಿ ತುಂಬಿದರು. ನಡುವೆ ಗೌಸಮೊಹಿದ್ದೀನ, ಅವನ ಕಾಲ ಬಳಿ ಆ ಮಡಕೆ.

ಜೋಳ ಯಾರು ಕುದಿಸಿದ್ದೆಂದು ಚಂದಪ್ಪ ಕೇಳಿದ.

"ನಾನಽ ಕುದಿಸೇನ್ರಿ," ಅಂದ ಗೌಸಮೊಹಿದ್ದೀನ.

ನನ್ನ ಹೆಸರು ಬರಬಾರದೆಂದು ಹಾಗೆ ಹೇಳಿದ. ನನಗೆ ತಡೆಯಲಾಗಲಿಲ್ಲ. ಸೆರಗು ಹೊದ್ದು ಹೊಸ್ತಿಲು ದಾಟಿದೆ.

"ಸುಳ್ಳ ಹೇಳಾಕತ್ತಾನ. ಜೋಳ ನಾ ಕುದಿಸಿ ಕೊಟ್ಟೇನಿ. ಗಿಡದ ಔಷಧ ಅದು. ಬೇಕಂದ್ರ ಇವ್ರನ್ನ ಕೇಳ್ರಿ."

"ದೌಲತರಾಯ, ನಿನಗ ಗೊತ್ತಿತ್ತೇನು?" ಅಂದ ಚಂದಪ್ಪ ನಮ್ಮವರ ಕಡೆ ತಿರುಗಿ.

ನಮ್ಮವರು ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಬಡಿಗೆಗಳನ್ನು ನೋಡಿದರು.

"ನನಗೇನ್ ಗೊತ್ತಿಲ್ಲಪಾ."

"ನೋಡ್ರಿ, ವೈನಿಗೂ ಮಾಟ ಮಾಡ್ಯಾನ," ಅಂದ ಚಂದಪ್ಪ ನನ್ನತ್ತ ಬೆರಳು ಮಾಡಿ.

ನಾನು ಆಡಿದ ನಿಜವೇ ಗೌಸಮೊಹಿದ್ದೀನನ ಕುತ್ತಿಗೆಗೆ ಬಂತು. ನಾಲ್ಕು ಪೆಟ್ಟು ಬಿದ್ದ ಮೇಲೆ ಹಿರಿಯರು ಅಡ್ಡ ಬಂದು ಊರು ಬಿಡು ಅಂದರು. ಮಧ್ಯಾಹ್ನದೊಳಗೆ ಅವನು ಹೆಂಡತಿ ಅಜೀಜಾಬಿಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಹೊರಟ. ಎಲ್ಲಿಗೆ ಎಂದು ಕೇಳಲು ನನಗೆ ಮುಖವಿರಲಿಲ್ಲ. ಜನ ಮಡಕೆ ಒಡೆದರು. ಗಿಡಗಳ ಬುಡದಲ್ಲಿ ಹೂತದ್ದನ್ನು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ದೀಪಾವಳಿ ದಾಟಿ ತಿಂಗಳಿಗೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿದವು. ಒಂದನ್ನು ಕಿತ್ತೆ. ಬೇರಿನಲ್ಲಿ ಗಂಟೇ ಇಲ್ಲ. ನಮ್ಮವರ ಮುಂದೆ ಹಿಡಿದೆ.

"ಸಂತಿಗಿ ಹೊತ್ತಾತು, ಬುಟ್ಟಿ ತಗಿ," ಅಂದರು.

ಊರೆಲ್ಲ ಆ ಬದನೆಕಾಯಿ ಕೊಂಡಿತು. ಚಂದಪ್ಪನೂ ಎರಡು ಸೇರು ಒಯ್ದ. ನಾನು ಎಣ್ಣೆಗಾಯಿ ಮಾಡಿದೆ. ಗಂಟಲಲ್ಲಿ ಇಳಿಯಲಾರದು ಅಂದುಕೊಂಡಿದ್ದೆ. ಇಳಿಯಿತು, ರುಚಿಯಾಗಿತ್ತು, ಎರಡನೇ ರೊಟ್ಟಿಗೆ ಮತ್ತೊಂದು ಕಾಯಿ ಹಾಕಿಕೊಂಡೆ.